ಕಾಯಕದ ಅಳತೆಗೋಲು: ಶರಣರ ವಚನಗಳೂ ಇಳಕಲ್ಲಿನ ಮಗ್ಗವೂ

ವಚನ ವಾಙ್ಮಯದ ಪಾರಿಭಾಷಿಕ ಪದಗಳಲ್ಲಿ 'ಕಾಯಕ'ದಷ್ಟು ಜನಬಳಕೆಗೆ ಬಂದ ಪದ ಬೇರೊಂದಿಲ್ಲ. ಷಟ್‌ಸ್ಥಲ, ಪ್ರಸಾದ, ಲಿಂಗಾಂಗ ಸಾಮರಸ್ಯ ಮೊದಲಾದ ಪದಗಳು ಇಂದಿಗೂ ಮಠಗಳ ಅನುಭಾವ ಗೋಷ್ಠಿಗಳಲ್ಲಿಯೂ ವಿದ್ವಾಂಸರ ಗ್ರಂಥಗಳಲ್ಲಿಯೂ ಉಳಿದಿವೆ. ಕಾಯಕವಾದರೋ ಕಚೇರಿಯ ಗೋಡೆಯನ್ನೇರಿದೆ, ಕಾರ್ಖಾನೆಯ ಹೆಬ್ಬಾಗಿಲಲ್ಲಿ ನಿಂತಿದೆ, ಪಠ್ಯಪುಸ್ತಕದ ಮೊದಲ ಪುಟಕ್ಕೆ ಬಂದಿದೆ. ಇಷ್ಟು ವ್ಯಾಪಕವಾಗಿ ಬಳಕೆಗೊಂಡ ಮಾತು ಸವೆಯುವುದು ಸಹಜ. ಆದರೆ ಈ ಪದದ ವಿಷಯದಲ್ಲಿ ಸವೆತಕ್ಕಿಂತ ಗಂಭೀರವಾದ ಒಂದು ಪಲ್ಲಟ ನಡೆದಿದೆ. ಕಾಯಕದ ಬೋಧೆಯೆಲ್ಲವೂ ಇಂದು ದುಡಿಯುವವನ ಕಡೆಗೇ ಮುಖ ಮಾಡಿ ನಿಂತಿದೆ. ಶ್ರದ್ಧೆಯಿಂದ ದುಡಿ, ಹೊತ್ತು ತಪ್ಪದೆ ಬಾ, ಹೆಚ್ಚಿಗೆ ಬೇಡಬೇಡ, ದುಡಿತದಲ್ಲಿಯೇ ದೈವವನ್ನು ಕಾಣು ಎಂಬುದೇ ಕಾಯಕ ತತ್ತ್ವದ ಸಾರವೆಂದು ಹೇಳಲಾಗುತ್ತಿದೆ. ದುಡಿಸಿಕೊಳ್ಳುವವನಿಗೆ ಈ ತತ್ತ್ವ ಏನು ಹೇಳುತ್ತದೆ ಎಂಬ ಪ್ರಶ್ನೆಯನ್ನು ವಿಮರ್ಶೆ ಅಪರೂಪವಾಗಿ ಕೇಳಿದೆ.

ಈ ಪ್ರಶ್ನೆಯನ್ನು ಒರೆಗೆ ಹಚ್ಚಲು ಬಾಗಲಕೋಟೆ ಜಿಲ್ಲೆಗಿಂತ ಯೋಗ್ಯವಾದ ನೆಲ ದೊರೆಯಲಾರದು. ಕೃಷ್ಣಾ-ಮಲಪ್ರಭೆಯರ ಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಾನವಾದ ಕೂಡಲಸಂಗಮವಿರುವುದು ಹುನಗುಂದ ತಾಲ್ಲೂಕಿನಲ್ಲಿ. ಈಚೆಗೆ ಪ್ರತ್ಯೇಕ ತಾಲ್ಲೂಕಾಗುವವರೆಗೆ ಅದೇ ಹುನಗುಂದಕ್ಕೆ ಸೇರಿದ್ದ ಇಳಕಲ್ಲ ಪಟ್ಟಣದಲ್ಲಿ ತಲೆಮಾರುಗಳಿಂದ ಕುಣಿಮಗ್ಗಗಳು ಸೀರೆ ನೇಯುತ್ತ ಬಂದಿವೆ. ಬಾದಾಮಿ ಸೀಮೆಯ ಗುಳೇದಗುಡ್ಡದಲ್ಲಿ ಖಣಗಳು ಹುಟ್ಟುತ್ತವೆ. ವಚನದ ಕ್ಷೇತ್ರವೂ ಮಗ್ಗದ ಕ್ಷೇತ್ರವೂ ಒಂದೇ ಆಗಿರುವ ಇಲ್ಲಿ ಕಾಯಕವೆಂಬುದು ಕೇವಲ ಗ್ರಂಥಸ್ಥ ತತ್ತ್ವವಾಗಿ ಉಳಿಯಲಾರದು.

ಮೊದಲು ಪಠ್ಯದ ವಿಚಾರ. ೧೯೨೩ರಲ್ಲಿ ಫ. ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ'ದ ಮೊದಲ ಭಾಗ ಬೆಳಕು ಕಂಡಂದಿನಿಂದ, ೧೯೯೩ರಲ್ಲಿ ಕರ್ನಾಟಕ ಸರ್ಕಾರ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳವರೆಗೆ, ಕಾಯಕಜೀವಿಗಳಾದ ಶರಣರ ವಚನಗಳು ಸಾಮಾನ್ಯ ಓದುಗನ ಕೈಗೆ ಬಂದ ಕಥೆ ದೀರ್ಘವಾದದ್ದು. ಇವುಗಳ ಜೊತೆಗೆ ಶೂನ್ಯಸಂಪಾದನೆಗಳೂ ಪುರಾಣಗಳೂ ಶರಣರ ಚರಿತ್ರೆಯನ್ನು ಕಥಾರೂಪವಾಗಿ ನಿರೂಪಿಸಿವೆ. ವಚನವು ಶರಣನ ಸ್ವಂತ ಮಾತು. ಕಥೆಯಾದರೋ ಮುಂದಿನ ಕಾಲದ ಭಕ್ತಸಮುದಾಯ ಆ ಮಾತನ್ನು ಗ್ರಹಿಸಿದ ರೀತಿ. ಎರಡಕ್ಕೂ ಬೆಲೆಯುಂಟು, ಆದರೆ ಎರಡನ್ನೂ ಬೆರಸಿ ಓದುವುದು ವಿಮರ್ಶೆಯ ಕ್ರಮವಾಗಲಾರದು. ಈ ಎಚ್ಚರವನ್ನಿಟ್ಟುಕೊಂಡೇ ಮುಂದಿನ ವಿವೇಚನೆಗೆ ತೊಡಗಬೇಕು.

ದುಡಿಮೆಯ ಚರಿತ್ರೆ ಈ ನೆಲದಲ್ಲಿ ಹನ್ನೆರಡನೆಯ ಶತಮಾನಕ್ಕೂ ಹಿಂದಿನದು. ಎಂಟನೆಯ ಶತಮಾನದಲ್ಲಿ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಲೋಕಮಹಾದೇವಿ ಕಟ್ಟಿಸಿದಾಗ, ಅದನ್ನು ನಿರ್ಮಿಸಿದ ಸೂತ್ರಧಾರಿ ಗುಂಡನಿಗೆ 'ತ್ರಿಭುವನಾಚಾರಿ' ಎಂಬ ಬಿರುದಿತ್ತು ಸನ್ಮಾನಿಸಿದ ಸಂಗತಿಯನ್ನು ಅಲ್ಲಿಯ ಶಾಸನ ಹೇಳುತ್ತದೆ. ಹುನಗುಂದ ಸೀಮೆಯ ಐಹೊಳೆಯಾದರೋ 'ಅಯ್ಯಾವೊಳೆ ಐನೂರ್ವರು' ಎಂಬ ಪ್ರಸಿದ್ಧ ವರ್ತಕ ಸಂಘಕ್ಕೆ ಹೆಸರನ್ನಿತ್ತ ಊರು. ಆ ಸಂಘದ ಪ್ರಶಸ್ತಿಗಳು ದಕ್ಷಿಣ ಭಾರತದ ಅನೇಕ ಶಾಸನಗಳಲ್ಲಿ ದೊರೆಯುತ್ತವೆ. ಹೀಗೆ ಶಿಲ್ಪಿಗಳ ಮುಖ್ಯಸ್ಥನೂ ವರ್ತಕರ ಸಂಘವೂ ಶಾಸನದಲ್ಲಿ ಸ್ಥಾನ ಪಡೆದರು. ಕಲ್ಲು ಹೊತ್ತವರಿಗೂ ನೂಲು ಸುತ್ತಿದವರಿಗೂ ಅಂಥ ಸ್ಥಾನ ದೊರೆಯುವುದು ಅಪರೂಪವೇ ಆಗಿತ್ತು.

ವಚನ ಸಾಹಿತ್ಯ ತಂದ ಪರಿವರ್ತನೆಯ ಮಹತ್ತ್ವ ಈ ಹಿನ್ನೆಲೆಯಲ್ಲಿ ಸ್ಪಷ್ಟವಾಗುತ್ತದೆ. ಹಗ್ಗ ಹೊಸೆಯುವ ಚಂದಯ್ಯ, ಹುಲ್ಲು ಹೊರೆ ಮಾರುವ ಲದ್ದೆಯ ಸೋಮ, ನೂಲುವ ರೆಮ್ಮವ್ವೆ, ಅಂಗಳದ ಅಕ್ಕಿ ಆಯುವ ಮಾರಯ್ಯ-ಲಕ್ಕಮ್ಮ, ಇವರು ತಮ್ಮ ಮಾತಿಗೆ ತಾವೇ ಅಂಕಿತವಿಟ್ಟರು. ಅರಸನ ಅಥವಾ ಒಡೆಯನ ಔದಾರ್ಯದಿಂದ ದೊರೆತ ಬಿರುದಿನಿಂದ ಇವರು ಉಳಿಯಲಿಲ್ಲ, ತಮ್ಮ ಮಾತಿನಿಂದಲೇ ಉಳಿದರು. ಕಾಯಕದ ಕುರಿತಾದ ಮೂಲವಚನಗಳು ದುಡಿಸುವವನು ದುಡಿಯುವವನಿಗೆ ಮಾಡಿದ ಉಪದೇಶಗಳಾಗಿ ಹುಟ್ಟಲಿಲ್ಲ. ದುಡಿಯುವವರು ತಮ್ಮ ದುಡಿಮೆಯ ಬಗೆಗೆ ತಾವೇ ಆಡಿದ ಮಾತುಗಳವು. ಆ ಮಾತುಗಳನ್ನು ಇಂದು ಒಡೆಯನ ಬಾಯಲ್ಲಿಟ್ಟು ಆಳಿಗೆ ಕೇಳಿಸುವಾಗ ಪದಗಳು ಅವೇ ಇದ್ದರೂ ಅರ್ಥ ಮಗುಚಿಕೊಳ್ಳುತ್ತದೆ.

ಇದಕ್ಕೆ ಆಯ್ದಕ್ಕಿ ದಂಪತಿಗಳ ಪ್ರಸಂಗವೇ ಉತ್ತಮ ನಿದರ್ಶನ. ನೆರೆಯ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ಶರಣದಂಪತಿಗಳು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು, ಅದರಿಂದಲೇ ದಾಸೋಹ ನಡೆಸುತ್ತಿದ್ದರೆಂಬುದು ಪ್ರಸಿದ್ಧ. ಒಂದು ದಿನ ಮಾರಯ್ಯನು ನಿತ್ಯದ ಅಳತೆಯನ್ನು ಮೀರಿ ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಒಪ್ಪಲಿಲ್ಲ. ಆಸೆಯು ಅರಸರಿಗೆ ತಕ್ಕ ಗುಣವೇ ಹೊರತು ಶಿವಭಕ್ತರಿಗೆ ಸಲ್ಲದೆಂದೂ, ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರಬೇಕೆಂದೂ ಆಕೆ ಪತಿಗೆ ನೇರವಾಗಿ ತಿಳಿಸುತ್ತಾಳೆ. ಮತ್ತೊಂದು ಸಂದರ್ಭದಲ್ಲಿ, ಅನುಭಾವದ ಚರ್ಚೆಯಲ್ಲಿ ಮೈಮರೆತ ಪತಿಗೆ ಕಾಯಕ ನಿಂತುಹೋದುದನ್ನು ನೆನಪಿಸಿ ಎಬ್ಬಿಸಿ ಕಳಿಸುವವಳೂ ಆಕೆಯೇ.

ಈ ಪ್ರಸಂಗವನ್ನು ಅಲ್ಪತೃಪ್ತಿಯ ಬೋಧೆಯೆಂದು ವ್ಯಾಖ್ಯಾನಿಸುವುದು ರೂಢಿ. ದುಡಿಯುವವನು ಇದ್ದುದರಲ್ಲಿ ತೃಪ್ತನಾಗಿರಬೇಕು, ಹೆಚ್ಚಿಗೆ ಆಶಿಸುವುದು ದೋಷ ಎಂಬ ನೀತಿಯನ್ನು ಇದರಿಂದ ತೆಗೆಯಲಾಗುತ್ತದೆ. ಆದರೆ ವಚನಗಳನ್ನು ಸಾವಧಾನವಾಗಿ ಓದಿದವರಿಗೆ ಎರಡು ಸಂಗತಿಗಳು ಕಾಣುತ್ತವೆ. ಮೊದಲನೆಯದು, ಅಳತೆಯನ್ನು ನಿರ್ಧರಿಸುವವಳು ಲಕ್ಕಮ್ಮ. ಅಂಗಳದ ಒಡೆಯರಾದ ಬಸವಣ್ಣನವರು ಇಷ್ಟೇ ಆಯಬೇಕೆಂದು ಕಟ್ಟುಮಾಡಲಿಲ್ಲ. ತನ್ನ ಮನೆಯ ನಿತ್ಯದಾಸೋಹಕ್ಕೆ ಎಷ್ಟು ಬೇಕೆಂಬುದನ್ನು ಅರಿತವಳು ತಾನೇ ಆ ಮಿತಿಯನ್ನು ಹಾಕಿಕೊಂಡಳು. ಎರಡನೆಯದು, ಆಕೆ ನಿರಾಕರಿಸಿದ್ದು ಹೆಚ್ಚಳವನ್ನು. ಸಾಕಾಗುವಷ್ಟು ಅಕ್ಕಿ ದಿನವೂ ಮನೆಗೆ ಬರುತ್ತಿತ್ತು. ಸಾಕಾಗದ ಅಕ್ಕಿಯನ್ನು ಕೊಟ್ಟು ತೃಪ್ತಳಾಗೆಂದು ಆಕೆಗೆ ಯಾರೂ ಹೇಳಲಿಲ್ಲ.

ಸಾಕಾದವನು ಹೆಚ್ಚನ್ನು ಬಿಡುವುದು ವೈರಾಗ್ಯ. ಸಾಲದವನಿಗೆ ಬೇಡಬೇಡವೆನ್ನುವುದು ವೈರಾಗ್ಯದ ಬೋಧೆಯಾಗಲಾರದು. ಇವೆರಡರ ನಡುವಣ ಅಂತರವನ್ನು ಅಳಿಸಿದಾಗಲೇ ಲಕ್ಕಮ್ಮನ ಮಾತು ಕೂಲಿಯವನ ಬಾಯಿ ಕಟ್ಟುವ ಸಾಧನವಾಗುತ್ತದೆ. ಆಕೆಯ ಅಳತೆಗೋಲಿಗೆ ಎರಡು ತುದಿಗಳಿವೆ. ದಿನದ ಅಗತ್ಯಕ್ಕಿಂತ ಹೆಚ್ಚಾದುದು ಹೇಗೆ ಸಲ್ಲದೋ ಹಾಗೆಯೇ ಕಡಿಮೆಯಾದುದೂ ದಾಸೋಹವನ್ನು ನಿಲ್ಲಿಸುತ್ತದೆ. ಹೆಚ್ಚನ್ನು ಹಿಂದಿರುಗಿಸಬೇಕೆಂಬ ನಿಯಮ ಯಾರ ಮನೆಯಲ್ಲಿ ಹೆಚ್ಚು ಸೇರಿದೆಯೋ ಅವರಿಗೇ ಮೊದಲು ಅನ್ವಯಿಸತಕ್ಕದ್ದು.

ನುಲಿಯ ಚಂದಯ್ಯನ ಪ್ರಸಂಗ ಈ ವಿಚಾರವನ್ನು ಇನ್ನೂ ಮುಂದಕ್ಕೊಯ್ಯುತ್ತದೆ. ಶೂನ್ಯಸಂಪಾದನೆಯ ಕಥನದಂತೆ, ಹುಲ್ಲು ಕೊಯ್ಯುವಾಗ ಕಳಚಿ ಬಿದ್ದ ಇಷ್ಟಲಿಂಗವನ್ನು ಚಂದಯ್ಯನು ಒಡನೆಯೇ ಸ್ವೀಕರಿಸಲಿಲ್ಲ. ಲಿಂಗವೂ ಕಾಯಕ ಮಾಡಬೇಕೆಂಬುದು ಆತನ ಪಟ್ಟು. ಕಡೆಗೆ ಹಗ್ಗವನ್ನು ಮಾರಿ ಬರುವ ಕೆಲಸ ಲಿಂಗದ ಪಾಲಿಗೆ ಬಂದಿತು. ಮಹಾಮನೆಯಲ್ಲಿ ಹಗ್ಗಕ್ಕೆ ಸಲ್ಲಬೇಕಾದುದಕ್ಕಿಂತ ಅತಿ ಹೆಚ್ಚಿನ ಬೆಲೆ ದೊರೆತಾಗ ಚಂದಯ್ಯನು ಅದನ್ನು ಒಪ್ಪದೆ, ಸಲ್ಲುವ ಬೆಲೆ ಮಾತ್ರ ಸಾಕೆಂದನು. ಇದು ಕಥೆ. ಆದರೆ ಆತನ ವಚನಗಳೂ ಇದೇ ನಿಲುವಿನವು. ಗುರುವಾಗಲಿ ಲಿಂಗವಾಗಲಿ ಜಂಗಮವಾಗಲಿ ಕಾಯಕದಿಂದ ವಿನಾಯಿತಿ ಪಡೆದವರಲ್ಲವೆಂದು ಆತ ನಿಸ್ಸಂದಿಗ್ಧವಾಗಿ ಸಾರುತ್ತಾನೆ. ಇನ್ನೊಂದು ವಚನದಲ್ಲಿ ಆತ ಆಡುವ ಮಾತು ಮತ್ತಷ್ಟು ಕಠಿಣ. ಅನ್ಯರನ್ನು ನೋಯಿಸಿ, ಕುಗ್ಗಿಸಿ, ಕಟ್ಟಿಹಾಕಿ ತಂದ ದ್ರವ್ಯದಿಂದ ಗುರುಲಿಂಗಜಂಗಮಕ್ಕೆ ಮಾಡುವ ಸೇವೆ ಲಿಂಗಕ್ಕೆ ನೈವೇದ್ಯವಾಗಿ ಸಲ್ಲದೆಂಬುದು ಅದರ ತಾತ್ಪರ್ಯ.

ಈ ವಚನದ ದೃಷ್ಟಿ ನೆಟ್ಟಿರುವುದು ದಾನಿಯ ಮೇಲೆ. ಬಡವನು ಏನು ಕೊಟ್ಟನೆಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ಉಳ್ಳವನು ಕೊಟ್ಟುದು ಎಲ್ಲಿಂದ ಬಂದಿತೆಂಬುದೇ ಪ್ರಶ್ನೆ. ದಾಸೋಹಕ್ಕೆ ಒಪ್ಪಿಸುವ ಮೊದಲು ದ್ರವ್ಯದ ಮೂಲಶುದ್ಧಿಯನ್ನು ಪರೀಕ್ಷಿಸಬೇಕೆಂಬ ಈ ನಿಬಂಧನೆ ಕಾಯಕ-ದಾಸೋಹಗಳೆಂಬ ಜೋಡಿಪದದ ಗಂಟಿನಂತಿದೆ. ಕಾಯಕವನ್ನು ಕೂಲಿಕಾರನಿಗೂ ದಾಸೋಹವನ್ನು ಧನಿಕನಿಗೂ ಹಂಚಿಕೊಟ್ಟು, ಒಬ್ಬನು ದುಡಿಯಲಿ ಮತ್ತೊಬ್ಬನು ದಾನ ಮಾಡಲಿ ಎಂದು ವ್ಯವಸ್ಥೆ ಮಾಡಿದರೆ ಆ ಗಂಟು ಬಿಚ್ಚಿಹೋಗುತ್ತದೆ. ಶರಣರ ಕ್ರಮದಲ್ಲಿ ಎರಡನ್ನೂ ಮಾಡತಕ್ಕವನು ಒಬ್ಬನೇ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದನ್ನು ತೇಲಿಸಿಬಿಡುವುದು ಸರಿಯಲ್ಲ. ಚಂದಯ್ಯನು ತಾನೇ ಹುಲ್ಲು ಕೊಯ್ದು, ತಾನೇ ಹೊಸೆದು, ತಾನೇ ಬೆಲೆ ಹೇಳಿದವನು. ಆತನ ಕಚ್ಚಾವಸ್ತುವೂ ಉಪಕರಣವೂ ಉತ್ಪನ್ನವೂ ಆತನ ಕೈಯಲ್ಲಿದ್ದವು. ಪರರ ವಸ್ತುವಿನ ಮೇಲೆ ಪರರು ಹೇಳಿದ ಕೂಲಿಗೆ ದುಡಿಯುವವನ ಸ್ಥಿತಿಗೆ ಆತನ ತತ್ತ್ವವನ್ನು ಹೇಗೆ ಅನ್ವಯಿಸುವುದು? ಈ ಆಕ್ಷೇಪಕ್ಕೆ ವಚನಗಳಲ್ಲಿಯೇ ಭಾಗಶಃ ಸಮಾಧಾನವುಂಟು. ಬಸವಣ್ಣನವರೇ ಬಿಜ್ಜಳನ ಆಸ್ಥಾನದಲ್ಲಿ ಊಳಿಗದಲ್ಲಿದ್ದವರು. ಆ ಊಳಿಗದ ಬಗೆಗೆ ಎದ್ದ ಅಪವಾದಕ್ಕೆ ಉತ್ತರಿಸುತ್ತ, ಅತ್ಯಂತ ಕೆಳಗಿನವರೆಂದು ಲೋಕ ಕರೆಯುವವರ ಮನೆಯಲ್ಲಿ 'ಕೈಕೂಲಿ' ಮಾಡಿಯಾದರೂ ಶಿವನಿಗಾಗಿ ತುಡಿವೆನೇ ಹೊರತು ತಮ್ಮ ಒಡಲಿನ ಅವಸರಕ್ಕಾಗಿ ಅಲ್ಲವೆಂದು ಅವರು ಹೇಳಿಕೊಂಡಿದ್ದಾರೆ. ಕೂಲಿ ವಚನಕಾರರಿಗೆ ಅಪರಿಚಿತವಾದ ಸಂಬಂಧವಲ್ಲ, ಅವಮಾನದ ಸಂಬಂಧವೂ ಅಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಆದರೂ ಆಕ್ಷೇಪದಲ್ಲಿ ಸತ್ಯಾಂಶವಿದೆ. ಅದು ಎಷ್ಟರಮಟ್ಟಿಗೆ ಎಂಬುದನ್ನು ತಿಳಿಯಲು ಮಗ್ಗದ ಮನೆಗೆ ಹೋಗಬೇಕು.

ಇಳಕಲ್ಲ ಸೀರೆಯ ರಚನೆ ವಿಶಿಷ್ಟವಾದದ್ದು. ಸಾಂಪ್ರದಾಯಿಕ ಸೀರೆಯ ಒಡಲಿನ ಹಾಸು ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು. ಈ ಎರಡು ಹಾಸುಗಳ ಎಳೆಗಳನ್ನು ಕೊಂಡಿಯಂತೆ ಒಂದರೊಳಗೊಂದು ಸಿಕ್ಕಿಸಿ ಜೋಡಿಸುವ ಕೆಲಸವನ್ನು ಪ್ರತಿಯೊಂದು ಸೀರೆಗೂ ಮಾಡಬೇಕಾಗುತ್ತದೆ. ತೋಪುತೆನಿಯ ಸೆರಗು, ಗೋಮಿ, ಪರಾಸಪೇಟ, ಗಾಡಿ ಮೊದಲಾದ ದಡಿಗಳು ಈ ಸೀರೆಯ ಗುರುತುಗಳು. ಭೌಗೋಳಿಕ ಸೂಚಕದ ನೋಂದಣಿಯೂ ಇದಕ್ಕೆ ದೊರೆತಿದೆ. ಆ ನೋಂದಣಿ ಊರಿನ ಹೆಸರನ್ನು ಕಾಯುತ್ತದೆ, ನೇಕಾರನ ಕೂಲಿಯನ್ನು ನಿಗದಿ ಮಾಡುವುದು ಅದರ ಕೆಲಸವಲ್ಲ.

ಕೈಮಗ್ಗದ ಕೇಂದ್ರಗಳಲ್ಲಿ ಬಹುಕಾಲದಿಂದ ಬಂದ ಪದ್ಧತಿಯಂತೆ ಸಾವಕಾರನು ನೂಲು, ರೇಷ್ಮೆ, ಹಾಸುಗಳನ್ನು ಒದಗಿಸುತ್ತಾನೆ. ನೇಕಾರನು ತನ್ನ ಮನೆಯ ಕುಣಿಮಗ್ಗದಲ್ಲಿ ನೇಯ್ದು ಸೀರೆಗಿಷ್ಟೆಂದು ಕೂಲಿ ಪಡೆಯುತ್ತಾನೆ. ಮಗ್ಗ ನೇಕಾರನದಿರಬಹುದು, ಮನೆಯೂ ಅವನದಿರಬಹುದು, ಹಾಸು ಮಾತ್ರ ಅವನದಲ್ಲ. ನೇಯ್ದ ಸೀರೆಗೆ ಬೆಲೆ ಹೇಳುವ ಅಧಿಕಾರವೂ ಅವನಿಗಿಲ್ಲ. ಮದುವೆಗೋ ಕಾಯಿಲೆಗೋ ಪಡೆದ ಮುಂಗಡ ಸಾಲ ತೀರುವ ತನಕ ಬೇರೊಬ್ಬರ ಹಾಸನ್ನು ಏರಿಸುವ ಸ್ವಾತಂತ್ರ್ಯವೂ ಕುಗ್ಗುತ್ತದೆ. ಮನೆಯೇ ಕಾರ್ಖಾನೆಯಾದುದರಿಂದ ಕೆಲಸದ ಹೊತ್ತಿಗೆ ಗಂಟೆಯಿಲ್ಲ, ಮಳೆಗಾಲದಲ್ಲಿ ಕುಣಿಯಲ್ಲಿ ತೇವ ಏರಿ ಮಗ್ಗ ನಿಂತರೆ ಆ ನಷ್ಟಕ್ಕೆ ಒಡೆಯನಿಲ್ಲ. ಚಂದಯ್ಯನಿಗೂ ಈ ನೇಕಾರನಿಗೂ ಇರುವ ವ್ಯತ್ಯಾಸ ಇದೇ. ಚಂದಯ್ಯನು ಅತಿಬೆಲೆಯನ್ನು ನಿರಾಕರಿಸಬಲ್ಲವನಾಗಿದ್ದನು, ಕೂಲಿ ನೇಕಾರನು ಅಲ್ಪಬೆಲೆಯನ್ನು ನಿರಾಕರಿಸಲಾರ.

ಹಾಗಾದರೆ ಕಾಯಕ ತತ್ತ್ವ ಇಲ್ಲಿ ನಿರುಪಯುಕ್ತವೇ? ಹಾಗೆನ್ನುವುದು ಆತುರದ ಮಾತಾಗುತ್ತದೆ. ಬೆಲೆ ಹೇಳುವ ಅಧಿಕಾರ ಕೈ ಬದಲಾಯಿಸಿದಾಗ ಸಲ್ಲುವ ಬೆಲೆಯನ್ನೇ ಹೇಳಬೇಕೆಂಬ ಹೊಣೆಯೂ ಅಧಿಕಾರದೊಂದಿಗೆ ಕೈ ಬದಲಾಯಿಸುತ್ತದೆ. ಚಂದಯ್ಯನ ಸ್ಥಾನದಲ್ಲಿ, ಎಂದರೆ ಬೆಲೆ ನಿಷ್ಕರ್ಷೆಯ ಸ್ಥಾನದಲ್ಲಿ, ಇಂದು ನಿಂತಿರುವವನು ಸಾವಕಾರ. ಆದುದರಿಂದ ಚಂದಯ್ಯನ ವಚನವನ್ನು ಮೊದಲು ಓದಬೇಕಾದವನೂ ಅವನೇ. ಕಾಯಕದ ಕಟ್ಟಳೆ ದುಡಿಯುವ ಕೈಗೆ ಎಷ್ಟು ಅಂಟಿಕೊಂಡಿದೆಯೋ ಕೂಲಿ ಎಣಿಸುವ ಕೈಗೂ ಅಷ್ಟೇ ಅಂಟಿಕೊಂಡಿದೆ.

ಸಾವಕಾರರ ಕಷ್ಟಗಳನ್ನು ಮರೆಯುವುದೂ ನ್ಯಾಯವಲ್ಲ. ಅವರಲ್ಲಿ ಅನೇಕರು ತಾವೇ ನೇಕಾರ ಮನೆತನದವರು. ನೂಲು-ರೇಷ್ಮೆಗಳ ಬೆಲೆಯೇರಿಳಿತ, ಮಾರಾಟವಾಗದೆ ಉಳಿದ ಸರಕು, ದೂರದ ವ್ಯಾಪಾರಿಗಳು ತಡೆಹಿಡಿದ ಬಾಕಿ, ಎಲ್ಲಕ್ಕಿಂತ ಮಿಗಿಲಾಗಿ ಇಳಕಲ್ಲಿನ ಹೆಸರಿನಲ್ಲಿ ಅಗ್ಗವಾಗಿ ಮಾರಾಟವಾಗುವ ವಿದ್ಯುತ್ ಮಗ್ಗದ ಅನುಕರಣೆಗಳು ಅವರನ್ನು ಕಾಡುತ್ತವೆ. ಕೈಮಗ್ಗಕ್ಕೆ ಕೆಲವು ಬಗೆಯ ಬಟ್ಟೆಗಳನ್ನು ಮೀಸಲಿಟ್ಟ ಅಧಿನಿಯಮ ೧೯೮೫ರಷ್ಟು ಹಿಂದಿನದು, ೧೯೯೩ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆದರೂ ಅನುಕರಣೆ ನಿಂತಿಲ್ಲ. ಕೆಳಗಿನವನ ಕೂಲಿಯನ್ನು ಹಿಂಡುವವನು ಮೇಲಿನವನಿಂದ ತಾನೂ ಹಿಂಡಲ್ಪಡುತ್ತಿರಬಹುದು. ಹೀಗಿದ್ದರೂ ನಷ್ಟದ ಹೊರೆಯನ್ನೆಲ್ಲ ಕುಣಿಯಲ್ಲಿ ಕುಳಿತವನ ಹೆಗಲಿಗೇ ಇಳಿಸುವುದನ್ನು ಯಾವ ವಚನವೂ ಸಮರ್ಥಿಸದು.

ಕಾಯಕದ ವಿಮರ್ಶೆಯಲ್ಲಿ ಕಡೆಗಣಿಸಲ್ಪಟ್ಟ ಇನ್ನೊಂದು ಮುಖವೆಂದರೆ ಸ್ತ್ರೀಯರ ದುಡಿಮೆ. ಕದಿರ ರೆಮ್ಮವ್ವೆಯ ರಾಟೆಯ ವಚನವನ್ನು ಸಾಮಾನ್ಯವಾಗಿ ಬೆಡಗಿನ ವಚನವೆಂದು ಬಿಡಿಸಲಾಗುತ್ತದೆ. ರಾಟೆಯ ಒಂದೊಂದು ಅಂಗವನ್ನೂ ಒಂದೊಂದು ದೈವತತ್ತ್ವಕ್ಕೆ ಸಮೀಕರಿಸಿ, ಅರಿವನ್ನು ಕದಿರಾಗಿಯೂ ಭಕ್ತಿಯನ್ನು ತಿರುಗಿಸುವ ಕೈಯಾಗಿಯೂ ಆಕೆ ಚಿತ್ರಿಸುತ್ತಾಳೆ. ಕದಿರು ತುಂಬಿತು, ಇನ್ನು ತಿರುಗಿಸಲಾರೆ ಎಂದು ಮುಗಿಸುವಾಗ ಗಂಡನ ಪೆಟ್ಟಿನ ಮಾತು ಬರುತ್ತದೆ. ಆ ಗಂಡನು ಲಿಂಗಪತಿಯೆಂಬ ವ್ಯಾಖ್ಯಾನ ಸಾಧುವೇ. ಆದರೆ ರೂಪಕ ಶೂನ್ಯದಿಂದ ಹುಟ್ಟುವುದಿಲ್ಲ. ರಾಟೆಯ ಅಂಗಾಂಗಗಳನ್ನು ಬೆರಳಿನಿಂದ ಬಲ್ಲವಳು, ಕೈ ಸೋತರೂ ಕೆಲಸ ನಿಲ್ಲಿಸಲಾಗದ ಮನೆಯ ಅಂಜಿಕೆಯನ್ನೂ ಬಲ್ಲವಳಾದುದರಿಂದಲೇ ಆ ಮುಕ್ತಾಯಕ್ಕೆ ಅಂಥ ತೀವ್ರತೆ ಬಂದಿದೆ. ಆಧ್ಯಾತ್ಮಿಕ ಅರ್ಥವನ್ನು ಮಾತ್ರ ಎತ್ತಿಕೊಂಡು ದಣಿದ ಕೈಯನ್ನು ಬಿಟ್ಟುಬಿಡುವ ಓದು ಅರ್ಧದ ಓದು.

ಮಗ್ಗದ ಮನೆಗಳಲ್ಲಿ ಆ ಕೈ ಇಂದಿಗೂ ಇದೆ. ಕಂಡಿಕೆ ಸುತ್ತುವುದು, ಎಳೆ ಕೂಡಿಸುವುದು, ಹಾಸು ಸಿದ್ಧಪಡಿಸುವುದರಲ್ಲಿ ನೆರವಾಗುವುದು, ಅನೇಕ ಕಡೆ ತಾವೇ ಮಗ್ಗದಲ್ಲಿ ಕುಳಿತು ನೇಯುವುದು, ಇವೆಲ್ಲ ಹೆಣ್ಣುಮಕ್ಕಳ ಪಾಲಿನವು. ೨೦೧೯-೨೦ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿ ದೇಶದಲ್ಲಿ ೩೫ ಲಕ್ಷಕ್ಕೂ ಮೇಲ್ಪಟ್ಟು ನೇಕಾರರನ್ನೂ ಪೂರಕ ಕೆಲಸಗಾರರನ್ನೂ ಎಣಿಸಿತು. ಅವರಲ್ಲಿ ಶೇಕಡ ೭೦ಕ್ಕೂ ಹೆಚ್ಚಿನವರು ಮಹಿಳೆಯರು. ನೇಕಾರ ಕುಟುಂಬಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನವುಗಳ ತಿಂಗಳ ಆದಾಯ ೫,೦೦೦ ರೂಪಾಯಿಗಳನ್ನು ಮುಟ್ಟಲಿಲ್ಲವೆಂದು ಅದೇ ಗಣತಿ ತಿಳಿಸುತ್ತದೆ. ಸಮಾನ ಕೆಲಸಕ್ಕೆ ಸಮಾನ ವೇತನವೆಂಬ ಅಧಿನಿಯಮ ೧೯೭೬ರಲ್ಲಿಯೇ ಬಂದಿತಾದರೂ, ಸೀರೆಗಿಷ್ಟೆಂಬ ಕೂಲಿಯಲ್ಲಿ ಕಂಡಿಕೆ ಸುತ್ತಿದವಳ ಪಾಲು ಪ್ರತ್ಯೇಕವಾಗಿ ಕಾಣಿಸುವುದೇ ಇಲ್ಲ. ಕೂಲಿ ಒಂದು ಹೆಸರಿಗೆ, ದುಡಿಮೆ ಇಡೀ ಮನೆಯದು. ಲಕ್ಕಮ್ಮನ ಮನೆಯಲ್ಲಿ ಅಳತೆ ಹಾಕುವ ಅಧಿಕಾರ ಹೆಂಡತಿಯದಾಗಿತ್ತೆಂಬುದನ್ನು ಈ ಹಿನ್ನೆಲೆಯಲ್ಲಿ ಮತ್ತೊಮ್ಮೆ ನೆನೆಯಬೇಕು.

ಕಾಯಕ ತತ್ತ್ವವನ್ನು ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರನು ೧೯೦೪-೦೫ರಲ್ಲಿ ಪ್ರತಿಪಾದಿಸಿದ ಪ್ರಾಟೆಸ್ಟಂಟ್ ನೀತಿಯೊಡನೆ ಹೋಲಿಸುವ ವಾಡಿಕೆ ವಿದ್ವತ್‌ವಲಯದಲ್ಲಿದೆ. ಎರಡೂ ಲೌಕಿಕ ದುಡಿಮೆಗೆ ಧಾರ್ಮಿಕ ಗೌರವವನ್ನು ತಂದವೆಂಬಷ್ಟಕ್ಕೆ ಹೋಲಿಕೆ ಸರಿ. ಆದರೆ ವೇಬರನು ವಿವರಿಸಿದ ಶ್ರದ್ಧೆಯಲ್ಲಿ ಮಿತವ್ಯಯದಿಂದ ಉಳಿದ ದ್ರವ್ಯ ಬಂಡವಾಳವಾಗಿ ಬೆಳೆಯುತ್ತದೆ. ಶರಣರ ಕ್ರಮದಲ್ಲಿ ಉಳಿದ ದ್ರವ್ಯ ದಾಸೋಹಕ್ಕೆ ಸಲ್ಲಬೇಕು, ಅಳತೆ ಮೀರಿ ತಂದುದು ಅಂಗಳಕ್ಕೆ ಮರಳಬೇಕು. ಇನ್ನೊಂದು ಅಂಶವೂ ಗಮನಾರ್ಹ. ಆ ನೀತಿಯು ಉದ್ಯಮಿಗಳಿಗೆ ದುಶ್ಚಟವಿಲ್ಲದ, ಶ್ರಮಶೀಲರಾದ, ದುಡಿಮೆಯನ್ನು ದೈವಸಂಕಲ್ಪವೆಂದು ನಂಬಿದ ಕೆಲಸಗಾರರನ್ನು ಒದಗಿಸಿತೆಂದೂ, ಸಂಪತ್ತಿನ ಅಸಮಾನತೆಯೂ ದೈವಾಧೀನವೆಂಬ ಸಮಾಧಾನವನ್ನು ಅವರಿಗೆ ಕೊಟ್ಟಿತೆಂದೂ ವೇಬರನೇ ಹೇಳಿದ್ದಾನೆ. ಕಾಯಕವನ್ನು ದುಡಿಯುವವನ ವಿಧೇಯತೆಗೆ ಇಳಿಸಿದ ವ್ಯಾಖ್ಯಾನಕಾರರು ಅರಿತೋ ಅರಿಯದೆಯೋ ಶರಣರನ್ನು ಈ ಸಮಾಧಾನದ ಸಾಲಿಗೆ ಸೇರಿಸುತ್ತಾರೆ. ಚಂದಯ್ಯನ ವಚನವೊಂದೇ ಸಾಕು, ಆ ಸಾಲಿನಿಂದ ಶರಣರನ್ನು ಬೇರ್ಪಡಿಸಲು.

ಕಾನೂನು ತನ್ನದೇ ದಾರಿಯಲ್ಲಿ ಇದೇ ಪ್ರಶ್ನೆಯನ್ನು ಎದುರಿಸಿದೆ. ೧೯೪೮ರ ಕನಿಷ್ಠ ವೇತನ ಅಧಿನಿಯಮವು ಒಡೆಯನಿಂದ ವಸ್ತುವನ್ನು ಪಡೆದು ತನ್ನ ಮನೆಯಲ್ಲಿ ಕೆಲಸ ಮಾಡಿಕೊಡುವವನನ್ನೂ ನೌಕರನೆಂಬ ಪರಿಭಾಷೆಯೊಳಗೆ ತಂದಿತು, ತುಂಡುಗೆಲಸದ ಕೂಲಿಗೂ ಕನಿಷ್ಠ ದರಕ್ಕೆ ಅವಕಾಶವಿತ್ತಿತು. ೧೯೯೬ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮನೆಗೆಲಸದ ಉತ್ಪಾದಕರಿಗಾಗಿಯೇ ೧೭೭ನೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತ ಅದಕ್ಕೆ ಸ್ಥಿರೀಕರಣ ನೀಡಿಲ್ಲ. ೧೯೭೫ರಲ್ಲಿ ಸ್ಥಾಪಿತವಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ನೇಕಾರರಿಗೆ ನೂಲೊದಗಿಸಿ ನೇಯ್ಗೆಯ ಕೂಲಿ ಕೊಡುವ ಪದ್ಧತಿಯನ್ನು ತಂದಿತು. ಇವೆಲ್ಲ ಅವಶ್ಯಕ. ಆದರೆ ಕಾನೂನು ಹಾಕುವ ಗೆರೆ ಕನಿಷ್ಠದ್ದು, ಅದಕ್ಕಿಂತ ಕೆಳಗಿಳಿದರೆ ದಂಡ. ಕಾಯಕ ಹಾಕುವ ಗೆರೆ ಸಲ್ಲುವುದರದು. ಕನಿಷ್ಠವನ್ನು ಕೊಟ್ಟು ಉಳಿದುದನ್ನು ತನ್ನದೆನ್ನುವವನು ಕಾನೂನಿನ ಮುಂದೆ ನಿರಪರಾಧಿ. ಲಕ್ಕಮ್ಮನ ಮುಂದೆ ಅವನು ಇನ್ನೂ ಲೆಕ್ಕ ಒಪ್ಪಿಸಬೇಕಾದವನು.

ಈ ನೆಲದ ಮಠಪರಂಪರೆಯಲ್ಲಿಯೇ ಒಂದು ದಾರಿ ತೋರುವ ಉದಾಹರಣೆಯಿದೆ. ಚಿತ್ತರಗಿ-ಇಳಕಲ್ಲ ಶ್ರೀ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಸ್ವಾಮಿಗಳವರು ೧೯೭೫ರಲ್ಲಿ 'ಮಹಾಂತ ಜೋಳಿಗೆ'ಯನ್ನು ಹಿಡಿದು ಹೊರಟರು. ಜಂಗಮನ ಜೋಳಿಗೆ ಧಾನ್ಯವನ್ನು ಬೇಡುವುದು ರೂಢಿ. ೨೦೧೮ರಲ್ಲಿ ಲಿಂಗೈಕ್ಯರಾಗುವವರೆಗೆ ಅವರ ಜೋಳಿಗೆ ಬೇಡಿದ್ದು ಜನರ ದುಶ್ಚಟಗಳನ್ನು. ಕುಡಿತವನ್ನು ಜೋಳಿಗೆಗೆ ಹಾಕಿದ ದುಡಿಮೆಗಾರನ ಮನೆಯಲ್ಲಿ ಕೂಲಿ ಉಳಿಯಿತು, ಹೆಂಡತಿ ಮಕ್ಕಳು ಉಂಡರು. ಈ ಕಾರ್ಯದ ಪುಣ್ಯ ಅಳೆಯಲಾಗದ್ದು. ಆದರೆ ಜೋಳಿಗೆಯ ತತ್ತ್ವವನ್ನು ಪೂರ್ತಿಯಾಗಿ ಗ್ರಹಿಸಿದರೆ ಅದು ಒಂದು ಓಣಿಗೆ ಸೀಮಿತವಾಗಲಾರದು. ಕೂಲಿಯನ್ನು ಕುಡಿದು ಕಳೆಯುವುದು ಹೇಗೆ ಚಟವೋ, ಕೂಲಿಯನ್ನು ಮುರಿದುಕೊಳ್ಳುವುದೂ ಹಾಗೆಯೇ ಒಂದು ಚಟ. ದಡಿಯಲ್ಲಿ ಒಂದು ಎಳೆ ಸಡಿಲವಾಯಿತೆಂದು ಕಡಿತ ಹಾಕುವುದು, ಲೆಕ್ಕದ ಚೀಟಿ ಕೊಡದಿರುವುದು, ಹಬ್ಬದ ಮುನ್ನಾದಿನದವರೆಗೆ ಬಾಕಿ ತಡೆಯುವುದು, ಇವನ್ನೂ ಆ ಜೋಳಿಗೆಗೆ ಹಾಕಬಹುದು.

ಸಾಹಿತ್ಯದ ವಿದ್ಯಾರ್ಥಿಗೂ ಇದರಲ್ಲಿ ಪಾಠವುಂಟು. ವಚನವೊಂದನ್ನು ಕೈಗೆತ್ತಿಕೊ೦ಡಾಗ ಅದು ಏನು ಹೇಳುತ್ತದೆಂಬ ಪ್ರಶ್ನೆಯೊಂದಿಗೇ ಯಾರು ಹೇಳಿದರು, ಯಾರಿಗೆ ಹೇಳಿದರು, ಇಂದು ಅದನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬ ಪ್ರಶ್ನೆಗಳನ್ನೂ ಕೇಳಬೇಕು. ಮಾರಯ್ಯನ ನುಡಿಯನ್ನು ಗೋಡೆಯ ಮೇಲೆ ಬರೆಸುವಾಗ ಅದರ ಪಕ್ಕದಲ್ಲಿ ಲಕ್ಕಮ್ಮನ ನಿರಾಕರಣೆಯನ್ನೂ ಚಂದಯ್ಯನ ಎಚ್ಚರಿಕೆಯನ್ನೂ ಬರೆಸಿದರೆ ಮಾತ್ರ ಕಾಯಕದ ಅರ್ಥ ಪೂರ್ಣವಾಗುತ್ತದೆ. ಎಲ್ಲ ಕಾಯಕವೂ ಒಂದೇ ಎಂದು ಸಾರಿದ ಲದ್ದೆಯ ಸೋಮನ ಪಾಲಿಗೆ ಕಾಯಕಗಳಲ್ಲಿ ಮೇಲುಕೀಳಿಲ್ಲ. ಹಾಸು ಕೊಡುವುದೂ ಕಾಯಕ, ನೇಯುವುದೂ ಕಾಯಕ, ಕಂಡಿಕೆ ಸುತ್ತುವುದೂ ಕಾಯಕ. ಒಂದಕ್ಕೆ ಕಟ್ಟಳೆಯಿದ್ದು ಇನ್ನೊಂದಕ್ಕೆ ಇಲ್ಲವೆಂದರೆ ಆ ಒಂದುತನ ಬಾಯಿಮಾತಾಗುತ್ತದೆ.

ಇಳಕಲ್ಲ ಸೀರೆಯಲ್ಲಿ ಒಡಲಿಗೂ ಸೆರಗಿಗೂ ಬೇರೆ ಬೇರೆ ಹಾಸು. ಕೊಂಡಿ ಬಿಗಿಯಾಗಿ ಕೂಡಿದರೆ ಮಾತ್ರ ಅದು ಸೀರೆ, ಕೊಂಡಿ ಜಾರಿದರೆ ಎರಡು ತುಂಡು ಬಟ್ಟೆ. ದುಡಿಸುವವನಿಗೂ ದುಡಿಯುವವನಿಗೂ ನಡುವಣ ಕೊಂಡಿ ಸಲ್ಲುವ ಕೂಲಿ. ಅದು ಬಿಗಿಯಾಗಿರುವಲ್ಲಿ ಶರಣರ ಕಾಯಕ ಇಂದಿಗೂ ಜೀವಂತ. ಆ ಕೊಂಡಿಯನ್ನು ಕೂಡಿಸುವ ಹೊಣೆಯ ಮೊದಲ ಪಾಲು ಹಾಸು ಕೊಡುವವನದು.